ಅಡುಗೆಮನೆಯ ಬೆಳಕು

ಕಾತ್ಯಾಯಿನಿ ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಗಂಡ ಬಾಗಿಲಲ್ಲೇ ನಿಂತು ಕೂಗಿದ. ಪಕ್ಕದ ಮನೆಯವರು ಆ ಕಿಟಕಿಗೆ ಅಡ್ಡವಾಗಿ ಗೋಡೆ ಎಬ್ಬಿಸಲು ಹೊರಟಿದ್ದರಿಂದ ಅವನು ಕೋರ್ಟಿಗೆ ಹೋಗಿದ್ದ.

“ನಾಳೆ ನಿನ್ನದೇ ಸಾಕ್ಷಿ ಕಣೇ. ಇಪ್ಪತ್ತು ವರ್ಷದಿಂದ ಈ ಕಿಟಕೀಲಿ ಬೆಳಕು ಬರ್ತಾನೇ ಇದೆ ಅನ್ನು. ಕಾನೂನಿನ ಪ್ರಕಾರ ಆ ಬೆಳಕು ನಮ್ದೇ. ಮಧ್ಯೆ ಮುಚ್ಚಿತ್ತು ಅಂದ್ರೆ ಮಾತ್ರ ಕೇಸು ಬಿದ್ದುಹೋಗುತ್ತಂತೆ.”

“ಬಿದ್ದುಹೋದ್ರೆ?”

“ಕತ್ತಲಲ್ಲಿ ಅಡುಗೆ ಮಾಡ್ತೀಯಾ? ಬೀದಿ ಕಡೆ ಇರೋ ನನ್ನ ರೂಮು ಅಡುಗೆಗೆ ಅಂತ ನಿನಗೆ ಬಿಟ್ಟುಕೊಟ್ಟು, ನಾನಿಲ್ಲಿ ಲೈಟು ಹಾಕ್ಕೊಂಡು ಪೇಪರ್ ಓದ್ಬೇಕು!”

“ಅಯ್ಯೋ ಪಾಪ,” ಎಂದಳು ಕಾತ್ಯಾಯಿನಿ.

ಆ ರೂಮಿಗೆ ಎರಡು ದೊಡ್ಡ ಕಿಟಕಿಗಳಿದ್ದವು. ಹೂವಿನವಳ ಚೌಕಾಸಿಯಿಂದ ಹಿಡಿದು ಎದುರುಮನೆಗೆ ಬಂದ ಬೀಗರವರೆಗೆ ಇಡೀ ಬೀದಿ ಅಲ್ಲಿಂದ ಕಾಣುತ್ತಿತ್ತು.

“ಸರಿಯಾಗಿ ಹೇಳ್ತೀಯ ತಾನೇ?”

“ಪ್ರಮಾಣ ಮಾಡಿಸ್ತಾರಲ್ರೀ, ಇದ್ದದ್ದು ಇದ್ದ ಹಾಗೇ ಹೇಳ್ತೀನಿ.”

ಅವನು ನಿಶ್ಚಿಂತೆಯಿಂದ ಹೊರಟುಹೋದ. ಅಡುಗೆಮನೆಗೆ ಎಂದೂ ಕಾಲಿಡದ ಅವನಿಗೆ ಗೊತ್ತೇ ಇರಲಿಲ್ಲ: ಕೋತಿಗಳ ಕಾಟ ತಾಳಲಾರದೆ ಅವಳು ನಡುವೆ ಮೂರು ವರ್ಷ ಈ ಕಿಟಕಿಗೆ ತಗಡು ಹೊಡೆಸಿ ಮುಚ್ಚಿಸಿದ್ದಳು. ನಾಳೆ ಮೊದಲ ಪ್ರಶ್ನೆಗೇ ಅದನ್ನು ಹೇಳಿಬಿಡುವುದೆಂದು ಕಾತ್ಯಾಯಿನಿ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು.