ಕೀನ್ಯಾ ಹುಡುಗಿಯ ಕಾಲುಂಗುರ

ವಾರಪತ್ರಿಕೆಯೊಂದನ್ನು ಕೋಳಿಯ ಕತ್ತು ಹಿಡಿದಂತೆ ಹಿಡಿದುಕೊಂಡು ಕೋಮಲ ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಅವಳ ಹೊಟ್ಟೆಯುರಿ ಎಷ್ಟಿತ್ತೆಂದರೆ, ಟಿ. ನರಸೀಪುರ ಬಿಟ್ಟ ಮೇಲೆ ಡ್ರೈವರು ಇಂಜಿನ್ ಕಾದಿದೆಯೆಂದು ಎರಡು ಸಲ ಬಸ್ಸು ನಿಲ್ಲಿಸಿ ನೀರು ಹುಯ್ದಿದ್ದ. ಇಂಜಿನ್ ತಣ್ಣಗೇ ಇತ್ತು.

ಉರಿಗೆ ಕಾರಣ ನಂಜನಗೂಡಿನ ಗೆಳತಿ ಅರ್ಪಿತ. ಕಾಲೇಜಿನ ದಿನಗಳಿಂದಲೂ ಕಥೆ ಬರೆಯುವವಳು ಕೋಮಲ, ಕೂತು ಕೇಳುವವಳು ಅರ್ಪಿತ. ಕೋಮಲಳ ಕಥೆಗಳು ಪತ್ರಿಕೆಗಳಿಗೆ ಹೋಗಿ, ನಾಲ್ಕು ದಿನ ಊರು ನೋಡಿಕೊಂಡು, ಸುಖವಾಗಿ ಮನೆಗೆ ವಾಪಸಾಗುತ್ತಿದ್ದವು. ಈಗ ಕೇಳುವವಳೇ ಸದ್ದಿಲ್ಲದೆ ಒಂದು ಕಥೆ ಬರೆದಿದ್ದಳು, ಅದಕ್ಕೆ ಈ ವಾರಪತ್ರಿಕೆಯ ದೀಪಾವಳಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು! ನಾಯಕಿ, ಮೈಸೂರಿಗೆ ಓದಲು ಬಂದ ಕೀನ್ಯಾದ ಕಪ್ಪು ಹುಡುಗಿ ವಾಂಜಿರು. ‘ಆಫ್ರಿಕಾದ ಆತ್ಮವನ್ನೇ ಹೊಕ್ಕು ಬಂದ ಕಥೆ’ ಎಂದು ತೀರ್ಪುಗಾರರು ಹೊಗಳಿದ್ದರು. ಅರ್ಪಿತ ಈವರೆಗೆ ಹೊಕ್ಕು ಬಂದಿದ್ದ ಅತಿ ದೂರದ ಊರೆಂದರೆ ಧರ್ಮಸ್ಥಳ.

“ಬಾ ಅಮ್ಮಿ, ಕೂತ್ಕೊ. ಅವರೆಕಾಯಿ ಸುಲಿ,” ಎಂದಳು ನಡುಮನೆಯಲ್ಲಿ ಮೊರದ ಮುಂದೆ ಕೂತಿದ್ದ ಅರ್ಪಿತ.

“ಸುಲಿಯಾಕೇ ಬಂದಿರದು. ಅವರೆಕಾಯಲ್ಲ, ನಿನ್ನ.” ಕೋಮಲ ಎದುರಿಗೆ ಮಂಡಿ ಮಡಿಸಿ ಕೂತಳು. “ಕೀನ್ಯಾದೋರ್ನ ಎಲ್ ನೋಡಿದ್ದೆ ನೀನು?”

“ನೋಡಿಲ್ಲ ಕಣಮ್ಮಿ.”

“ಮತ್ತೆ ಅವರ ಬಣ್ಣ, ಅವರ ಸಂಕ್ಟ ನಿಂಗೇನ್ ಗೊತ್ತು? ಆ ಉಡ್ಗಿ ಮುದ್ದೆ ಮುರುದು ಮೊದಲ್ನೆ ತುತ್ತ ತಟ್ಟೆ ಅಂಚಿಗೆ ಎತ್ತಿಡ್ತಾಳಂತೆ!”

“ಅಲ್ಲೂ ಮುದ್ದೆ ಮಾಡ್ತಾರಂತೆ. ಮುಸುಕಿನ ಜೋಳದ್ದು.”

“ಇರ್ಲಿ, ಇದ ಕೇಳು.” ಕೋಮಲ ಕೋರ್ಟಿನಲ್ಲಿ ಸಾಕ್ಷಿ ಓದುವವಳಂತೆ ಓದಿದಳು: “‘ವಾಂಜಿರುವಿಗೆ ಸಿಟ್ಟು ಬಂದದ್ದು ಬಾಯಿಗಿಂತ ಮೊದಲು ಕೈಗೆ ಗೊತ್ತಾಗುತ್ತಿತ್ತು. ಮಂಡಿ ಮಡಿಸಿ ಕೂತು ಕಾಲುಂಗುರವನ್ನು ಗಿರ್ರನೆ ತಿರುಗಿಸುತ್ತಿದ್ದಳು.’ ಮದ್ವೆ ಆಗ್ದಿರೊ ಕೀನ್ಯಾ ಉಡ್ಗಿಗೆ ಕಾಲುಂಗ್ರ ತೊಡ್ಸಿದೋರು ಯಾರಮ್ಮಿ? ನಿಮ್ಮತ್ತೆಯಾ? ನಾಳೆ ಬೆಳಗ್ಗೇನೆ ಪತ್ರಿಕೆಯೋರಿಗೆ ಫೋನ್ ಮಾಡ್ತೀನಿ. ನಿನ್ ಪ್ರೈಜು ವಾಪಸ್ ಓಯ್ತು ಅನ್ಕೊ!”

ಅರ್ಪಿತ ಕೋಮಲಳ ಕಾಲಿನ ಕಡೆ ನೋಡಿದಳು. ಕೋಮಲಳೂ ನೋಡಿಕೊಂಡಳು. ಅಲ್ಲಿ ತನ್ನ ಕಾಲುಂಗುರವನ್ನು ತನ್ನದೇ ಕೈ ಗಿರ್ರನೆ ತಿರುಗಿಸುತ್ತಿತ್ತು.

“ನನ್ನ... ಕೀನ್ಯಾಗೆ ಸಾಗಾಕ್‌ಬುಟ್ಟಾ?”

“ಇನ್ನೇನ್ ಮಾಡ್ಲಿ? ಕಪಿಲಾ ಒಳೆ ಒದ್ದೆ ಕಲ್ಲಿನಂಗೆ ಮಿರಮಿರ ಅಂತಾಳೆ, ಎಂಥ ಚೆಲುವೆ ಅಂತ ಬರೆಯಾಕೆ ಆಸೆ ಆಯ್ತು. ನರಸೀಪುರದೋಳು ಅಂದಿದ್ರೆ, ಪಾಪ, ಬಣ್ಣ ಕಮ್ಮಿ ಅಂತಿದ್ರು. ಕೀನ್ಯಾದೋಳು ಅಂದೆ, ಬಹುಮಾನ ಕೊಟ್ರು.”

“ಉಟ್ಟಿದಾಗಿಂದ ಕರಿ ಕರಿ ಅನ್ನಿಸ್ಕೊಂಡಿರದು ನಾನು. ಪ್ರೈಜು ನಿಂಗಾ?”

“ನೀನೇ ಬರೀಬೋದಿತ್ತಲ್ಲಮ್ಮಿ. ನಿನ್ ಕಥೇಲಿ ಬರೋರೆಲ್ಲ ಕೆನೆಹಾಲಿನ ಬಣ್ಣದೋರು. ಎಲ್ಲಾ ನಾನೇ. ಇಷ್ಟ್ ವರ್ಷ ಕೂತು ಕೇಳಿದ್ನಲ್ಲ, ಒಂದ್ರಲ್ಲಾದ್ರೂ ನೀನ್ ಬತ್ತೀಯೇನೊ ಅಂತ ಕಾಯ್ತಾನೇ ಇದ್ದೆ.”

ಕೋಮಲ ಜಗಳವನ್ನು ಅರ್ಧಕ್ಕೇ ಬಿಟ್ಟಳು. ನರಸೀಪುರ ತಾಲ್ಲೂಕಿನ ಚರಿತ್ರೆಯಲ್ಲಿ ಹೀಗಾದದ್ದು ಅದೇ ಮೊದಲು. ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಒಂದು ಹಿಡಿ ಕಾಯಿ ಸುಲಿದಳು. ಹುಳುಕು ಕಾಳನ್ನೂ ಒಳ್ಳೇ ಕಾಳಿನ ಜೊತೆಗೇ ಹಾಕಿದಳು. ಅರ್ಪಿತ ಸುಮ್ಮನೆ ಆರಿಸಿ ತೆಗೆದಳು. ಆಮೇಲೆ ಕೋಮಲ ಪತ್ರಿಕೆ ತೆರೆದು, ಕಥೆಯ ಜೊತೆಗಿದ್ದ ಚಿತ್ರದ ಮೇಲೆ ಬೆರಳಿಟ್ಟಳು.

“ಅದ್ಸರಿ, ಇವಳ್ಯಾರು?”

ಚಿತ್ರದಲ್ಲಿ ವಾಂಜಿರು ಗುಲಾಬಿ ಕೆನ್ನೆ ಹೊತ್ತು, ಸೊಂಟದವರೆಗೆ ನೀಟಾಗಿ ಕೂದಲು ಇಳಿಬಿಟ್ಟುಕೊಂಡು ನಿಂತಿದ್ದಳು. ಹೆಚ್ಚುಕಮ್ಮಿ ಅರ್ಪಿತಳ ಮದುವೆ ಫೋಟೋ.

“ಪತ್ರಿಕೆ ಚಿತ್ರಗಾರ ಬರ್ದಿರದು. ಕಥೆ ಓದವ್ನೋ ಇಲ್ವೋ.”

“ಒದ್ದೆ ಕಲ್ಲಿಗೆ ಸುಣ್ಣ ಒಡುದ್‌ಬುಟ್ಟವ್ನೆ,” ಎಂದಳು ಕೋಮಲ.

ಅರ್ಪಿತ ಎದ್ದು ಹೋಗಿ ಕನ್ನಡಿಯ ಹಿಂದಿನಿಂದ ಕಾಡಿಗೆ ಡಬ್ಬಿ ತಂದಳು. ಕೋಮಲ ಬಳೆ ಮೇಲಕ್ಕೇರಿಸಿ, ಬಣ್ಣ ಹೋಲಿಸಲು ತನ್ನ ಎಡಗೈಯನ್ನು ಚಿತ್ರದ ಪಕ್ಕಕ್ಕಿಟ್ಟು, ಬಲಗೈ ಬೆರಳಿನಲ್ಲಿ ತೀಡತೊಡಗಿದಳು. ಫ್ಯಾನಿನ ಗಾಳಿಗೆ ಪುಟ ಏಳದಂತೆ ಅರ್ಪಿತ ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

“ಸಾಕೇನಮ್ಮಿ?”

ಅರ್ಪಿತ ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಗೆಳತಿಯ ಕೈ ನೋಡಿದಳು.

“ಇನ್ನೊಂಚೂರು ಆಕು. ನೀನು ಇದಕ್ಕಿಂತ ಚೆಂದಾಗಿದ್ದೀಯ.”