ಅರ್ಧ ಬೋಟಿನ ಹಲಗೆ

“ಹಿಂದ ಹಲಗಿ ಯಾಕ ಬೇಕೋ ಲಾಲಸಾಬ? ಅಲ್ಲಿ ಯಾರ ಕುಂದರ್ತಾರ?”

ಬೋಟ್ ಕಮಿಟಿಯ ಅಧ್ಯಕ್ಷ ನಾಗಣ್ಣ ಭೀಮಾ ನದಿಯ ದಂಡೆಯಲ್ಲಿ ನಿಂತು ಕೇಳಿದ ಮಾತು ಅದು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ಊರಿನ ಹಳೇ ಮೋಟರ್ ಬೋಟಿನ ಕೊಳೆತ ಹಾಸುಹಲಗೆಗಳನ್ನೆಲ್ಲ ಕಿತ್ತು ದಂಡೆಗೆ ಒಗೆದಿದ್ದ, ಬೋಟ್ ನಡೆಸುವ ಲಾಲಸಾಬ, ಬಾಯಲ್ಲಿ ಕಚ್ಚಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಹೊಸ ಹಲಗೆಗಳ ರಾಶಿಯನ್ನೊಮ್ಮೆ, ಬೋಟನ್ನೊಮ್ಮೆ ನೋಡಿದ. ಹಲಗೆ ಅರ್ಧ ಬೋಟಿಗಷ್ಟೇ ಇತ್ತು.

“ಅಳತಿ ನೀವೇ ತಗೊಂಡಿದ್ರಲ್ರಿ ಸಾವಕಾರ್ರ.”

“ಹೌದ್ಲೇ, ನಾನೇ ತಗೊಂಡೀನಿ. ಈ ಮೂತಿಯಿಂದ ಹಿಡದು ಆ ಅಡ್ಡಪಟ್ಟಿ ತನಕ. ಬೋಟ ಅಲ್ಲಿಗೇ ಮುಗೀತಲ್ಲ!”

ಬೋಟಿನ ನಡುವಿನ ಆ ಅಡ್ಡಪಟ್ಟಿಯ ಮುಂದೆ ಊರಿನವರು, ಹಿಂದೆ ಊರಾಚೆಯ ದಲಿತ ಕೇರಿ ಭೀಮನಗರದವರು. ಹಾಗಂತ ಯಾರೂ ಬೋರ್ಡ್ ಬರೆಸಿರಲಿಲ್ಲ. ಬರೆಸುವ ಜರೂರಿಯೂ ಬಿದ್ದಿರಲಿಲ್ಲ. ಮುಂದಿನ ಹಲಗೆ ಮುರಿದಾಗಲೆಲ್ಲ ಹಿಂದಿನದನ್ನು ಕಿತ್ತು ಮುಂದೆ ಜೋಡಿಸುತ್ತ ಬಂದು, ಹಿಂದೆ ಬರೀ ತೊಲೆಗಳು ಉಳಿದಿದ್ದವು. ಅವುಗಳ ನಡುವೆ ಹಿಮ್ಮಡಿ ಮುಳುಗುವಷ್ಟು, ಡೀಸೆಲ್ ಬೆರೆತ ಕರಿ ನೀರು. ಆಚೆ ದಂಡೆಯ ಜೇವರ್ಗಿ ಕಡೆಯ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುವ ಭೀಮನಗರದ ಸಾಬವ್ವ ದಿನಾ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಆ ನೀರಲ್ಲಿ ನಿಂತೇ ಹೊಳೆ ದಾಟುತ್ತಿದ್ದಳು. ಅವಳ ಕಾಲ್ಬೆರಳ ಸಂದಿನ ಹುಣ್ಣು ಬೇಸಿಗೆ ಬಂದರೂ ಮಾಯುತ್ತಿರಲಿಲ್ಲ.

ಈಗ ಅವಳು ಅಲ್ಲೇ ಇದ್ದಳು. ಟ್ರ್ಯಾಕ್ಟರಿನಿಂದ ದಂಡೆಯವರೆಗೆ ಹಲಗೆ ಹೊತ್ತು ತಂದವರಲ್ಲಿ ಅವಳೂ ಒಬ್ಬಳು. ತಲೆಯ ಮೇಲಿನ ಸಿಂಬಿ ತೆಗೆದು ಝಾಡಿಸಿ ಮುಂದೆ ಬಂದಳು.

“ಅಲ್ಲಿಗೇ ಮುಗೀತೇನ್ರಿ? ಹಂಗಂದ್ರ ಇಷ್ಟ ವರ್ಷ ನಾ ಬೋಟಿನ್ಯಾಗ ನಿಂತಿದ್ದಿಲ್ಲ, ಹೊಳ್ಯಾಗ ನಿಂತಿದ್ದೆ ನೋಡ್ರಿ!”

ನಾಗಣ್ಣ ತಬ್ಬಿಬ್ಬಾದ. “ಏ ಸಾಬವ್ವ, ಹಂಗ್ಯಾಕ ತಿಳ್ಕೊಂತೀಬೇ? ಖಯಾಲ ಬರಲಿಲ್ಲ, ಅಷ್ಟ. ನನ್ನ ಮನಸ್ಸಿನ್ಯಾಗ ಏನೂ ಇಲ್ಲ.”

“ಅದಕ್ಕೇ ಮೈ ಉರಿಯಾಕತ್ತದ! ಬೇಕಂತ ಬಿಟ್ಟಿದ್ರ ಜಗಳರ ಆಡ್ತಿದ್ದೆ. ಮನಸ್ಸಿನ್ಯಾಗೇ ಇಲ್ಲ ನಾವು! ಹಲಗಿ ಹೊರೂವಾಗ ಕಂಡಿವಿ, ಹಾಸೂವಾಗ ಕಾಣಲಿಲ್ಲ.” ಹಾಗಂದು ಲಾಲಸಾಬನ ಕಡೆ ತಿರುಗಿದಳು. “ನೀನರ ಬಾಯಿ ಬಿಡಬಾರದೇನ ಅಣ್ಣಾ? ದಿನಾ ನನ್ನ ಬಾಜೂಕೇ ಇರ್ತಿ. ನೀ ಎಂಜಿನ್ ಪೆಟ್ಟಿಗಿ ಮ್ಯಾಲ, ನಾ ನೀರಾಗ.”

“ಜರಾ ಸುಮ್ನಿರು ತಂಗಿ,” ಅಂದ ಲಾಲಸಾಬ. ಅವಳ ಮುಖ ನೋಡಲಿಲ್ಲ. ಅವಳ ಕಾಲು ನೋಡಿದ.

“ಮುಂದಿನ ವರ್ಷ ಹಿಂದಿಂದೂ ಮಾಡಸೂಣು, ತಗೋ,” ಎಂದು ನಾಗಣ್ಣ ಬೈಕ್ ಹತ್ತಿದ. “ನಾಳೆ ಮುಂಜಾನೆ ಕಾಯಿ ಒಡದು ಬೋಟ ಚಾಲೂ ಮಾಡೂಣು. ನನಗ ಜೇವರ್ಗ್ಯಾಗ ಮದವಿ ಅದ. ಇದ್ದ ಹಲಗಿ ಇವತ್ತೇ ಹೊಡದು ಮುಗಸು.”

ಮರುದಿನ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದ ನಾಗಣ್ಣನಿಗೆ ಕಾಯಿ ಒಡೆಯುವುದೇ ಮರೆತುಹೋಯಿತು. ಗೇಣಗಲದ ಹೊಸ ಹಲಗೆಗಳು ಮೂತಿಯಿಂದ ಹಿಡಿದು ಹಿಂದಿನ ತುದಿಯ ಎಂಜಿನ್ ಪೆಟ್ಟಿಗೆಯವರೆಗೂ ಅಡ್ಡಡ್ಡ ಮಲಗಿದ್ದವು. ಒಂದು ಹಲಗೆ, ಆಮೇಲೆ ಹಲಗೆಯಷ್ಟೇ ಅಗಲದ ಸಂದು. ಮತ್ತೆ ಹಲಗೆ, ಮತ್ತೆ ಸಂದು. ಪ್ರತಿ ಸಂದಿನಲ್ಲೂ ಕರಿ ನೀರು ಮಿರುಗುತ್ತಿತ್ತು.

“ಏನ ಮಾಡಿಟ್ಟಿಲೇ ಇದು? ಹಲ್ಲ ಉದುರಿದ ಬಾಯಿ ಆಗ್ಯಾದಲ್ಲೋ!”

“ಹಲಗಿ ನೀವು ಅಳದಷ್ಟೇ ಅವರಿ,” ಲಾಲಸಾಬ ಎಂಜಿನ್ ಒರೆಸುತ್ತಲೇ ಹೇಳಿದ. “ಬೋಟ ಮಾತ್ರ ಇಷ್ಟ ಉದ್ದ ಅದ.”

“ಕಮಿಟಿಯವರು ಕೇಳಿದ್ರ ಏನ ಹೇಳ್ಲಿ?”

“ಬಂದು ನಿಂತು ನೋಡ್ರಿ ಅಂತ ಹೇಳ್ರಿ.”

ದಂಡೆಯಲ್ಲಿ ಒಂದಿಬ್ಬರು ಕಿಸಕ್ಕೆಂದರು. ಮದುವೆಗೆ ಹೊತ್ತಾಗುತ್ತಿತ್ತು. ನಾಗಣ್ಣ ಗೊಣಗುತ್ತ ಹತ್ತಿ, ಮುಂದಿನ ಹಲಗೆಯ ಮೇಲೆ ಕಾಲು ಜೋಡಿಸಿ ನಿಂತ. ಹಿಂದೆ ಸಾಬವ್ವ ತನ್ನ ಜಾಗಕ್ಕೇ ಬಂದು ನಿಂತಳು. ಚಪ್ಪಲಿ ಕೈಯಲ್ಲಿರಲಿಲ್ಲ, ಕಾಲಲ್ಲಿತ್ತು.

“ಎಲ್ಲಿ ಹಿಡಕೋಬೇಕೋ ಲಾಲಸಾಬ?” ನಾಗಣ್ಣ ಕೂಗಿದ. “ಅಳ್ಳಾಡಾಕತ್ತದ!”

ಉತ್ತರ ಸಾಬವ್ವ ಕೊಟ್ಟಳು. “ಹಿಡಕೊಳ್ಳಾಕ ಏನೂ ಇಲ್ರಿ. ನಾವೂ ಹಂಗೇ ನಿಂತ ಬಂದೀವಿ.”

ಲಾಲಸಾಬ ಎಂಜಿನ್ನಿನ ಹಗ್ಗ ಜಗ್ಗಿದ. ಎಂಜಿನ್ ಕೆಮ್ಮಿ ಶುರುವಾಯಿತು. ಬೋಟು ಹೊಯ್ದಾಡಿ ಮುಂದಿನ ಸಂದಿನಿಂದ ನೀರು ಚಿಮ್ಮಿತು. ನಾಗಣ್ಣ ಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು, ಗಡಬಡಿಸಿ ಚಪ್ಪಲಿ ಕಳಚಿ ಒಂದು ಕೈಯಲ್ಲಿ ಹಿಡಿದ, ಇನ್ನೊಂದು ಕೈಯಲ್ಲಿ ಧೋತರ ಎತ್ತಿದ. ಬೋಟು ಮೂತಿ ಮೇಲೆತ್ತಿ ಹೊರಟಿತು. ಕಂಕುಳಿಂದ ಜಾರಿದ ತೆಂಗಿನಕಾಯಿ ಸಂದಿಗೆ ಬಿದ್ದು, ಹಲಗೆಗಳ ಕೆಳಗೇ ಕರಿ ನೀರಲ್ಲಿ ಉರುಳುತ್ತ, ಅಡ್ಡಪಟ್ಟಿ ದಾಟಿ, ಸಾಬವ್ವನ ಕಾಲ ಬಳಿ ಬಂದು ನಿಂತಿತು.