ನಲವತ್ತೆರಡು ದಿನದ ಗಾಜು

ಗಾಜು ಒಡೆದಿರಲಿಲ್ಲ.

ಕರಿಬಸವರಾಜರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕು. ಅದಕ್ಕೆ ಅಡ್ಡಲಾಗಿ, ಎರಡೂ ತುದಿಗೆ ಸಿಮೆಂಟ್ ಮೆತ್ತಿ ಕೂರಿಸಿದ ಗಾಜಿನ ಪಟ್ಟಿ. ಪಕ್ಕದ ಗೋಡೆಯ ಮೇಲೆ ಅವರದೇ ಕೈಬರಹದ ತಾರೀಖು: ೧೫-೩-೯೮. ಇವತ್ತಿಗೆ ನಲವತ್ತೆರಡು ದಿನ.

“ನೋಡ್ರಿ ಸರ್, ಹೆಂಗಿತ್ತೋ ಹಂಗೇ ಐತೆ,” ಎಂದ ಮನೆಯ ಯಜಮಾನ ಪರಶುರಾಮ. ದನಿ ಬೇಕಾದದ್ದಕ್ಕಿಂತ ಕೊಂಚ ಜೋರಾಗಿತ್ತು.

ಹರಿಹರದ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ಕರಿಬಸವರಾಜರು ಈವರೆಗೆ ಬಾಳಿದ್ದು ಬಾಡಿಗೆ ಮನೆಗಳಲ್ಲಿ. ಕೈಗೆ ಬಂದ ಪಿ.ಎಫ್. ಒಂದು ಮನೆಗೆ ಸಾಕು. ತಪ್ಪು ಮನೆ ಕೊಂಡರೆ ಇನ್ನೊಂದಿಲ್ಲ. ಆದ್ದರಿಂದಲೇ ದಾವಣಗೆರೆಯ ಎಸ್.ಎಸ್. ಬಡಾವಣೆಯ ಈ ಮನೆಯನ್ನು ಮೊದಲ ಭೇಟಿಯಲ್ಲಿ ಇಂಚಿಂಚೂ ನೋಡಿದ್ದರು. ತಾರಸಿಯ ಮೇಲೆ ನೀರು ನಿಲ್ಲಿಸಿ, ಕೆಳಗೆ ಬಂದು ಚಾವಣಿ ಮುಟ್ಟಿದ್ದರು. ಬಾಗಿಲ ಚೌಕಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ ಗೆದ್ದಲು ಹುಡುಕಿದ್ದರು. ಎಲ್ಲ ಸರಿಯಿತ್ತು, ಈ ಬಿರುಕೊಂದನ್ನು ಬಿಟ್ಟು.

ಆ ದಿನ ಪಟ್ಟಿ ಅಂಟಿಸುತ್ತ ಅವರು ಪಾಠ ಹೇಳುವಂತೆಯೇ ವಿವರಿಸಿದ್ದರು.

“ಕೆಳಗಿರೋದು ಎರೆಮಣ್ಣು. ಬ್ಯಾಸಗೀಲಿ ಕುಗ್ತದೆ, ಮಳೆಗೆ ಉಬ್ತದೆ. ಬಿರುಕು ಹಳೇದಾಗಿ ನಿಂತಿದ್ರೆ ಗಾರೆ ತುಂಬಿದ್ರಾಯ್ತು. ಇನ್ನೂ ಬೆಳೀತಿದ್ರೆ ಅಡಿಪಾಯನೇ ಕೂರ್ತಿದೆ ಅಂತ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಈ ಗಾಜು ಒಡೀತದೆ. ಒಡೆದ್ರೆ ನಾನು ಕೊಳ್ಳಲ್ಲ.”

“ಒಡೆಯಲ್ ತಗೋರಿ ಸರ್,” ಎಂದು ಪರಶುರಾಮ ನಕ್ಕಿದ್ದ. “ಹರಿಹರದಾಗ ಮಿಲ್ಲಿನ ಕ್ವಾರ್ಟರ್ಸ್ ಸಿಕ್ಕೈತೆ. ದಿನಾ ಬಸ್ಸಿಗೆ ನಿಂತು ಸಾಕಾಗೈತೆ. ಇಕಿ ಹೊಲಿಗೆ ಮಿಷನ್ ಎರಡೂ ಮಾರಿದ್ರ ಅಲ್ಲಿ ಜಾಗ ಆಗ್ತೈತೆ.”

ಅವನ ಹೆಂಡತಿ ಸುಷ್ಮಾ ಪಡಸಾಲೆಯಲ್ಲಿ ಹೊಲಿಗೆ ಯಂತ್ರಗಳ ನಡುವೆ ಕೂತು, ವಿದ್ಯಾನಗರದ ಹಾಸ್ಟೆಲ್ ಹುಡುಗಿಯರ ರವಿಕೆ ಬಟ್ಟೆಗಳ ಮೇಲೆ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಎದ್ದು ಬಂದು ಚಹಾ ಕೊಟ್ಟಳು. ಬಸಿಯ ಅಂಚಿಗೂ ನೀಲಿ ಹತ್ತಿತ್ತು.

ಈಗ ಕರಿಬಸವರಾಜರು ಹೆಬ್ಬೆರಳನ್ನು ಪಟ್ಟಿಯ ಅಂಚಿನ ಮೇಲೆ ಎಳೆದರು. ಚುರ್ರೆಂದಿತು. ರಕ್ತದ ಹನಿ ಮೂಡಿತು.

ಅವರು ಬೆರಳನ್ನು ಕರವಸ್ತ್ರದಿಂದ ಒತ್ತಿ ಹಿಡಿದರು.

“ಪರಶುರಾಮ್, ನಾನು ಅಂಟಿಸಿದ್ದು ಲ್ಯಾಬಿನ ಗಾಜು. ಅದರ ಅಂಚು ಉಜ್ಜಿ ನುಣುಪು ಮಾಡಿರ್ತಾರೆ. ಇದು ಬೆರಳು ಕೊಯ್ತಲ್ಲ.”

ಪರಶುರಾಮನ ಮುಖ ಇಳಿಯಿತು. ಗೋಡೆಗೆ ಒರಗಿದ.

“ಮೂರು ವಾರದ ಹಿಂದೆ ಕೆಲಸದಿಂದ ಬಂದು ನೋಡಿದ್ರ ಒಡೆದಿತ್ತು ಸರ್. ದಿಕ್ಕು ತೋಚಲಿಲ್ಲ. ಫೋಟೋ ಕಟ್ಟು ಹಾಕೋ ಚಾಂದ್ ಪಾಷಾ ಹತ್ರ ಅಳತೆಗೆ ಕೊಯ್ಸಿ ಹಚ್ಚಿದೆ. ತಪ್ಪಾತು. ಆದ್ರ ಇದು ಇನ್ನೂ ಒಡೆದಿಲ್ಲಲ್ರಿ?”

“ಒಂದ್ಸಲ ಸರಿದ ಗೋಡೇನ ಎರಡ್ನೇ ಸಲ ನಂಬಲ್ಲಪ್ಪ.”

“ಒಡೆದದ್ದು ಒಡೆದಂಗ ಇರ್ಲಿ, ಸರ್ ಬಂದು ನೋಡ್ಲಿ ಅಂದೆ ನಾನು,” ಎಂದಳು ಬಾಗಿಲಲ್ಲಿ ನಿಂತಿದ್ದ ಸುಷ್ಮಾ. “ಕೇಳ್ಲಿಲ್ಲ. ಚೂರು ಒಗೀಬ್ಯಾಡ್ರಿ ಅಂತ ನಾನೇ ಎತ್ತಿಟ್ಟೀನಿ.”

ಒಳಹೋಗಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತಂದು ಅವರ ಕೈಗಿಟ್ಟಳು.

“ಇಂಥ ಹೆಣ್ಮಗಳು ಸಿಕ್ಕಿದ್ದು ನಿನ್ನ ಪುಣ್ಯ,” ಎಂದರು ಕರಿಬಸವರಾಜರು ಪರಶುರಾಮನಿಗೆ. ಪೊಟ್ಟಣವನ್ನು ಜೇಬಿಗಿಳಿಸಿ ಚಪ್ಪಲಿ ಮೆಟ್ಟಿದರು.

“ಹಂಗಾರ ಈ ಮನೆ ಇನ್ಯಾರೂ ತಗೊಳ್ಳಲ್ಲೇನ್ರಿ ಸರ್?” ಸುಷ್ಮಾಳ ದನಿ ಕ್ಷೀಣವಾಗಿತ್ತು.

“ತಿಳಿದೋರು ತಗೊಳ್ಳಲ್ಲಮ್ಮ.”

ಅವಳು ತಲೆ ತಗ್ಗಿಸಿದಳು. ಗೇಟು ದಾಟುವಾಗ ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಶುರುವಾಯಿತು.

ಹರಿಹರಕ್ಕೆ ಬಸ್ಸಿನಲ್ಲಿ ಮರಳುವಾಗ ಅವರಿಗೆ ದೊಡ್ಡ ಗಂಡಾಂತರದಿಂದ ಪಾರಾದ ಸಮಾಧಾನ. ಊಟ ಮುಗಿಸಿ, ಹಳೆಯ ಚಟದಂತೆ ಚೂರುಗಳನ್ನು ಬಿಳಿ ಹಾಳೆಯ ಮೇಲೆ ಒಂದಕ್ಕೊಂದು ಹೊಂದಿಸಿದರು. ಗೋಡೆ ಎಳೆದ ಗಾಜು ಬಿರುಕಿನ ಗುಂಟ ಒಂದೇ ಗೆರೆಯಾಗಿ ಸೀಳಬೇಕು. ಇಲ್ಲಿ ಗೆರೆಗಳೆಲ್ಲ ನಡುವಿನ ಒಂದು ಚುಕ್ಕೆಯಿಂದ ಸುತ್ತಲೂ ಚದುರಿದ್ದವು, ಯಾವುದೋ ಗಟ್ಟಿ ವಸ್ತು ಹಿಡಿದು ಕುಟ್ಟಿದಂತೆ. ಅವರು ಭೂತಗನ್ನಡಿಯನ್ನು ಹತ್ತಿರ ತಂದರು.

ಉಳಿದ ಗಾಜೆಲ್ಲ ಸ್ವಚ್ಛವಾಗಿತ್ತು. ಆ ಚುಕ್ಕೆಯೊಂದರಲ್ಲಿ ಮಾತ್ರ ನೀಲಿ ಸೀಮೆಸುಣ್ಣದ ಪುಡಿ ಅಂಟಿತ್ತು.